ಕಂಠೀರವದಿಂದ ರಂಗನತಿಟ್ಟಿಗೆ

ವಿಜಯನಗರದಲ್ಲಿ ಮನೆಮಾಡಿಕೊಂಡಿರುವವರಿಗೆ ಬೆಂಗಳೂರಿನ ಅನೇಕ ಬಡಾವಣೆಗಳವರಿಗಿಲ್ಲದ ಒಂದು ಸೌಲಭ್ಯವುಂಟು. ಮೂಡಣ ದಿಕ್ಕಿಗೆ ಹೊರಡುವ ಮೆಟ್ರೊ ಹತ್ತಿದರೆ ಅರ್ಧ ಗಂಟೆ ಕಳೆಯುವುದರೊಳಗೆ ವಿಧಾನಸೌಧ, ಕಬ್ಬನ್ ಉದ್ಯಾನಗಳ ನೆರೆಯಲ್ಲಿ ಇಳಿಯಬಹುದು; ಪಡುವಣಕ್ಕೆ ತಿರುಗಿ ಅತ್ತಿಗುಪ್ಪೆ, ದೀಪಾಂಜಲಿನಗರ, ನಾಯಂಡಹಳ್ಳಿಗಳನ್ನು ದಾಟಿ ಕೆಂಗೇರಿಯತ್ತ ನಡೆದರೆ ಮೈಸೂರು ಸೀಮೆಯ ಹೆಬ್ಬಾಗಿಲು ಅಲ್ಲಿಯೇ ತೆರೆದುಕೊಳ್ಳುತ್ತದೆ. ಒಂದು ಕಡೆ ರಾಜಧಾನಿಯ ಸಂಭ್ರಮ, ಇನ್ನೊಂದು ಕಡೆ ಕಾವೇರಿಯ ಬಯಲು. ಈ ಎರಡನ್ನೂ ಒಂದೇ ವಾರಾಂತ್ಯದಲ್ಲಿ ಕೂಡಿಸಿ ನೋಡಬೇಕೆಂಬ ಅಭಿಲಾಷೆ ನನ್ನಲ್ಲಿ ಬಹುಕಾಲದಿಂದ ಇದ್ದಿತಾದರೂ ಅದು ಕೈಗೂಡಿದುದು ಸಾಗರದಲ್ಲಿರುವ ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಓದಲೆಂದು ನಮ್ಮ ಮನೆಗೆ ಬಂದು ಸೇರಿದ ಮೇಲೆ, ಒಂದು ಮಾಘಮಾಸದಲ್ಲಿ. ಹುಡುಗನಿಗೆ ಫುಟ್‌ಬಾಲ್ ಎಂದರೆ ಪ್ರಾಣ, ನನಗೆ ಹಕ್ಕಿಗಳು. "ಶನಿವಾರ ಸಾಯಂಕಾಲ ನೀವು ನನ್ನ ಜೊತೆ ಕಂಠೀರವಕ್ಕೆ ಬನ್ನಿ ಮಾವ, ಭಾನುವಾರ ನೀವು ಕರೆದಲ್ಲಿಗೆ ನಾನು ಬರ್ತೀನಿ" ಎಂದು ಅವನೇ ಒಡಂಬಡಿಕೆಯನ್ನು ಮುಂದಿಟ್ಟ. ನಾನು ಸಂತೋಷದಿಂದ ಒಪ್ಪಿದೆ.

ಶನಿವಾರ ಇಳಿಹೊತ್ತಿನಲ್ಲಿ ವಿಜಯನಗರದ ನಿಲ್ದಾಣದ ಮೆಟ್ಟಲು ಹತ್ತುವಾಗಲೇ ಬೆಂಗಳೂರು ಎಫ್‌ಸಿ ತಂಡದ ನೀಲಿ ಅಂಗಿ ತೊಟ್ಟ ಒಬ್ಬಿಬ್ಬರು ಕಣ್ಣಿಗೆ ಬಿದ್ದರು. ಹೊಸಹಳ್ಳಿ, ಮಾಗಡಿ ರಸ್ತೆಗಳವರೆಗೆ ಮನೆಗಳ ತಾರಸಿಯ ಎತ್ತರದಲ್ಲಿ, ಒಣಹಾಕಿದ ಬಟ್ಟೆಗಳನ್ನೂ ನೀರಿನ ತೊಟ್ಟಿಗಳನ್ನೂ ತುಳಸಿಕಟ್ಟೆಗಳನ್ನೂ ಸವರಿಕೊಂಡು ಓಡುವ ಗಾಡಿ ಅಲ್ಲಿಂದ ಮುಂದೆ ನೆಲದೊಳಕ್ಕೆ ಇಳಿಯುತ್ತದೆ. ಮೆಜೆಸ್ಟಿಕ್ಕಿನಲ್ಲಿ ಜನ ಇಳಿದು ಜನ ಹತ್ತುವಷ್ಟರಲ್ಲಿ ನಮ್ಮ ಬೋಗಿಯ ತುಂಬ ನೀಲಿಯೇ ಆಗಿತ್ತು. ಕಬ್ಬನ್ ಉದ್ಯಾನದಲ್ಲಿ ಇಳಿದು, ಬಿದಿರು ಮೆಳೆಗಳ ಬದಿಯ ದಾರಿ ಹಿಡಿದು ನಾವು ಕ್ರೀಡಾಂಗಣದ ಕಡೆಗೆ ನಡೆದೆವು. ಹೊನಲು ದೀಪಗಳು ಆಗಲೇ ಹೊತ್ತಿದ್ದವು. ಹೊರಗೆ ಚುರುಮುರಿಯವರ ಗಾಡಿಗಳು, ಶಾಲು ಮಾರುವವರು, ಅಪ್ಪನ ಹೆಗಲೇರಿ ಕೆನ್ನೆಗೆ ನೀಲಿ ಬಣ್ಣ ಬಳಿದುಕೊಂಡ ಮಕ್ಕಳು: ಒಂದು ತೇರಿನ ದಿನದ ಸಡಗರವೇ ಅಲ್ಲಿ ನೆರೆದಿತ್ತು.

ಬೆಂಗಳೂರಿನ ಫುಟ್‌ಬಾಲಿನ ಚರಿತ್ರೆ ನಮ್ಮ ಪಶ್ಚಿಮದ ಬಡಾವಣೆಗಳಲ್ಲಿ ಹುಟ್ಟಿದುದಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ದಂಡುಪ್ರದೇಶದ ಸೈನಿಕರು ಕವಾಯತಿನ ಬಯಲುಗಳಲ್ಲಿ ಆಡುತ್ತಿದ್ದುದನ್ನು ಬೇಲಿಯಾಚೆ ನಿಂತು ನೋಡಿದ ಹಲಸೂರು, ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್‌ಗಳ ಬಡಹುಡುಗರು ಬರಿಗಾಲಿನಲ್ಲಿ ಆ ಆಟವನ್ನು ತಮ್ಮದಾಗಿಸಿಕೊಂಡರು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದ ಬೆಂಗಳೂರು ಮುಸ್ಲಿಮ್ಸ್ ತಂಡ, ಅಲ್ಲಿಯವರೆಗೆ ಸೈನಿಕ ತಂಡಗಳಿಗೇ ಮೀಸಲಾದಂತಿದ್ದ ಆ ಪ್ರಶಸ್ತಿಗೆ ಕೈಯಿಟ್ಟ ಮೊದಲ ಭಾರತೀಯ ತಂಡ. ಮರುವರ್ಷ ಮತ್ತೆ ಅದನ್ನು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ದೇಶ ಗಳಿಸಿದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಪಾದದಿಂದ ಹೊರಟದ್ದು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಅದು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು 1946–47ರಲ್ಲಿ ಮೊದಲ ಬಾರಿ ಗೆದ್ದು, 1968–69ರ ವೇಳೆಗೆ ನಾಲ್ಕು ಸಲ ಅದನ್ನು ಮನೆಗೆ ತಂದಿತ್ತು. ಆಮೇಲೆ ಒಂದು ದೀರ್ಘವಾದ ಬರಗಾಲ. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಆ ಪ್ರಶಸ್ತಿಯನ್ನು ಮತ್ತೆ ಕಂಡಾಗ ಹಳೆಯ ಆಟಗಾರರ ಮನೆಗಳಲ್ಲಿ ಎಷ್ಟು ಕಣ್ಣುಗಳು ಒದ್ದೆಯಾದುವೋ, ಬಲ್ಲವರಾರು!

ನಮ್ಮ ಪಕ್ಕದ ಆಸನದಲ್ಲಿ ಅಂಥ ಒಬ್ಬ ಹಿರಿಯರೇ ಕುಳಿತಿದ್ದರು. ಐಟಿಐ ಕಾರ್ಖಾನೆಯ ತಂಡದಲ್ಲಿ ಆಡಿದ್ದವರಂತೆ; ವಯಸ್ಸು ಎಪ್ಪತ್ತು ಮೀರಿತ್ತು. ಆಟ ನಡೆಯುತ್ತಿರುವಷ್ಟು ಹೊತ್ತೂ ಚೆಂಡನ್ನು ನೋಡದೆ ಚೆಂಡಿಲ್ಲದ ಆಟಗಾರರನ್ನೇ ಅವರು ನೋಡುತ್ತಿದ್ದರು. "ಚೆಂಡು ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತೆ ಮಗು, ಜಾಗ ಎಲ್ಲಿ ಖಾಲಿ ಆಗ್ತಿದೆ ನೋಡು" ಎಂದು ನನ್ನ ಸೋದರಳಿಯನಿಗೆ ಅವರು ಹೇಳಿದ ಮಾತಿನ ಬೆಲೆ ನನಗೆ ತಿಳಿದುದು ಎರಡನೆಯ ಅರ್ಧದಲ್ಲಿ. ನಮ್ಮ ತಂಡದ ಎಡಬದಿಯ ಹಿಂಬದಿಯಾಟಗಾರ ತನ್ನ ಸ್ಥಾನವನ್ನು ಬಿಟ್ಟು ಮುಂದಕ್ಕೋಡಿದ. ಅವನ ಹಿಂದೆ ಹತ್ತು ಹೆಜ್ಜೆಯಗಲದ ಹಸಿರು ಬಯಲು ಬರಿದಾಯಿತು. ಹಿರಿಯರು ಉಸಿರು ಬಿಗಿಹಿಡಿದು ನನ್ನ ಮೊಣಕೈಯನ್ನು ಅದುಮಿದರು. ಮರುಗಳಿಗೆಯಲ್ಲಿ ಎದುರಾಳಿಗಳ ಉದ್ದನೆಯ ಹೊಡೆತವೊಂದು ಸರಿಯಾಗಿ ಆ ಬರಿದಾದ ನೆಲಕ್ಕೇ ಬಂದು ಬಿದ್ದು, ಅಲ್ಲಿಂದ ಗೋಲಾಯಿತು. ಇಡೀ ಕ್ರೀಡಾಂಗಣ ಒಮ್ಮೆ ನಿಶ್ಶಬ್ದವಾಯಿತು. ಆದರೆ ಪಶ್ಚಿಮದ ಅಟ್ಟಣೆಯಲ್ಲಿದ್ದ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿಗಳ ಬಳಗ ಆ ನಿಶ್ಶಬ್ದವನ್ನು ಬಹಳ ಹೊತ್ತು ಬಾಳಗೊಡಲಿಲ್ಲ. ನಗಾರಿ ಮತ್ತೆ ಮೊಳಗಿತು. ಕೈಗಳು ಒಟ್ಟಾಗಿ ಎದ್ದವು. ಸೋಲುವ ತಂಡಕ್ಕೆ ಗೆಲ್ಲುವ ತಂಡಕ್ಕಿಂತ ಹೆಚ್ಚಿನ ಹಾಡು ಬೇಕೆಂಬುದನ್ನು ಅವರು ಬಲ್ಲರು. ಕೊನೆಯ ಗಳಿಗೆಗಳಲ್ಲಿ ಮೂಲೆಯ ಹೊಡೆತವೊಂದು ತಲೆಯಿಂದ ತಲೆಗೆ ತಾಕಿ ಬಲೆ ಸೇರಿದಾಗ ನನ್ನ ಸೋದರಳಿಯ ಆ ಹಿರಿಯರನ್ನು ತಬ್ಬಿಕೊಂಡದ್ದನ್ನೂ, ಅವರು ಅವನ ಬೆನ್ನು ತಟ್ಟುತ್ತ ನಿಂತುದನ್ನೂ ನಾನು ಮರೆಯಲಾರೆ. ಪಂದ್ಯ ಸಮಬಲದಲ್ಲಿ ಮುಗಿಯಿತು.

ಶ್ರೀ ಕಂಠೀರವ ಕ್ರೀಡಾಂಗಣ ಫುಟ್‌ಬಾಲಿಗೆಂದು ಕಟ್ಟಿದ ಸ್ಥಳವಲ್ಲ. 1997ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಸಿದ್ಧವಾದ ಅದರಲ್ಲಿ ಓಟದ ಪಥವು ಹಸಿರು ಮೈದಾನವನ್ನು ಸುತ್ತುವರಿದಿದೆ; ಆದುದರಿಂದ ಪ್ರೇಕ್ಷಕರು ಆಟಕ್ಕೆ ತುಸು ದೂರದಲ್ಲಿಯೇ ಕೂರಬೇಕು. 2013ರಲ್ಲಿ ಸ್ಥಾಪಿತವಾಗಿ, ಆಡಿದ ಮೊದಲ ವರ್ಷದಲ್ಲೇ ಐ–ಲೀಗ್ ಗೆದ್ದ ಬೆಂಗಳೂರು ಎಫ್‌ಸಿ, ಅಶೋಕನಗರದ ಚಿಕ್ಕ ಫುಟ್‌ಬಾಲ್ ಮೈದಾನವನ್ನು ಬಿಟ್ಟು ಇಲ್ಲಿಗೆ ಬಂದಾಗ, ಇಷ್ಟು ದೂರದಿಂದ ಈ ಆಟಕ್ಕೆ ಜನರ ಉಸಿರು ತಾಕುವುದೇ ಎಂದು ಸಂದೇಹಪಟ್ಟವರಲ್ಲಿ ನಾನೂ ಒಬ್ಬ. ಆ ಸಂದೇಹವನ್ನು ಕಳೆದುದು 2016ರ ಅಕ್ಟೋಬರ್ 19ರ ರಾತ್ರಿ. ಮಲೇಷ್ಯದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ, ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿದ ಮೊಟ್ಟಮೊದಲ ಭಾರತೀಯ ತಂಡವೆಂಬ ಕೀರ್ತಿಯನ್ನು ಅದು ಇದೇ ಅಂಗಳದಲ್ಲಿ ಪಡೆಯಿತು. 2023ರ ಜುಲೈಯಲ್ಲಿ ದಕ್ಷಿಣ ಏಷ್ಯದ ಸ್ಯಾಫ್ ಪಂದ್ಯಾವಳಿಯ ಕೊನೆಯ ದಿನ, ಕುವೈತ್ ವಿರುದ್ಧ ಪೆನಾಲ್ಟಿ ಹೊಡೆತಗಳಲ್ಲಿ ಭಾರತ ಗೆದ್ದುದೂ ಇಲ್ಲಿಯೇ. ಓಟಗಾರರಿಗೆಂದು ಕಟ್ಟಿದ ಮನೆಯೊಂದರಲ್ಲಿ ಇನ್ನೊಂದು ಆಟ ಬಂದು ನೆಲಸಿ, ಒಂದು ತಲೆಮಾರಿನ ನಗರವಾಸಿಗಳಿಗೆ ಅದು ತಮ್ಮದೆಂಬ ಭಾವವನ್ನು ಕೊಟ್ಟಿತು. ಕಟ್ಟಿದವನ ಉದ್ದೇಶವೇ ಕಟ್ಟಡದ ಕೊನೆಯ ಮಾತಲ್ಲ ಎಂಬ ಈ ಸಂಗತಿ ಆ ರಾತ್ರಿ ಮನೆಗೆ ಮರಳುವಾಗ ನನ್ನ ಮನಸ್ಸಿಗೆ ಹತ್ತಿತು. ಮರುದಿನ ಕಾವೇರಿಯ ನಡುಗಡ್ಡೆಗಳಲ್ಲಿ ಅದಕ್ಕೆ ಇನ್ನೂ ದೊಡ್ಡ ನಿದರ್ಶನ ಕಾದಿದ್ದಿತು.

ಭಾನುವಾರ ಬೆಳಗ್ಗೆ ನಾವು ಕೆಂಗೇರಿಯಲ್ಲಿ ಮೈಸೂರಿನ ರೈಲು ಹತ್ತಿದೆವು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಹೋಗುವವರು ಎರಡು ಗಂಟೆಯೊಳಗೇ ಮೈಸೂರು ಮುಟ್ಟುವರೆಂಬುದು ನಿಜ. ಆದರೆ ಆ ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಇವೆಲ್ಲವನ್ನೂ ಹೊರಗಿಟ್ಟು ಹೋಗುತ್ತದೆ, ಮತ್ತು ಊರುಗಳನ್ನು ನೋಡದೆ ಊರುಗಳ ಮೂಲಕ ಹಾದುಹೋಗುವುದನ್ನು ಪ್ರವಾಸವೆಂದು ಕರೆಯಲು ನನ್ನ ಮನಸ್ಸು ಒಡಂಬಡುವುದಿಲ್ಲ. ರೈಲು ಎಲ್ಲ ಊರುಗಳಿಗೂ ಮರ್ಯಾದೆ ಸಲ್ಲಿಸುತ್ತದೆ. ಕೆಂಗೇರಿ ದಾಟುವಾಗ ಎಡಬಲಗಳಲ್ಲಿ ವೃಷಭಾವತಿಯ ಕರಿಯ ನೀರಿನ ಜಾಡು ಕಂಡಿತು. ಬಸವನಗುಡಿಯ ದೊಡ್ಡಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಹಿರಿಯರು ಹೇಳುತ್ತಿದ್ದ ಈ ಹೊಳೆ ಇಂದು ನಮ್ಮೆಲ್ಲರ ಮನೆಗಳ ಕೊಳೆಯನ್ನು ಹೊತ್ತು, ಬಿಡದಿಯ ಬಳಿ ಬೈರಮಂಗಲದ ಕೆರೆಯಲ್ಲಿ ತಂಗಿ, ಅರ್ಕಾವತಿಯನ್ನು ಸೇರಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಆ ನೊರೆಯನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಬಡಾವಣೆಯ ನಲ್ಲಿಗಳಿಗೆ ಬರುವುದು ಕಾವೇರಿಯೇ. ನಾವು ಅವಳಿಗೆ ಹಿಂದಿರುಗಿಸುತ್ತಿರುವುದು ಇದು.

ರಾಮನಗರದ ಹೆಬ್ಬಂಡೆಗಳ ಮೇಲೆ ರಣಹದ್ದುಗಳಿಗಾಗಿ 2012ರಲ್ಲಿ ಒಂದು ವನ್ಯಧಾಮ ಏರ್ಪಟ್ಟಿದೆ. ನಾವು ಕಿಟಕಿಯಿಂದ ಕತ್ತು ಹೊರಳಿಸಿದೆವಾದರೂ ಒಂದೂ ಕಾಣಲಿಲ್ಲ. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆಗಳ ಚೀಲದೊಡನೆ ಒಬ್ಬಾಕೆ ಹತ್ತಿದಳು. ಮದ್ದೂರಿನಲ್ಲಿ ವಡೆ ಬಂದಿತು: ಎಲೆಯ ಮೇಲೆ ಬಿಸಿಬಿಸಿಯಾಗಿ, ಈರುಳ್ಳಿಯ ಕಂಪಿನೊಡನೆ, ಮುರಿದರೆ ಅಂಚು ಗರಿಯಾಗಿಯೂ ನಡು ಮೆತ್ತಗಾಗಿಯೂ ಇರುವ ಆ ವಡೆಯನ್ನು ತಿಂದವರಿಗೆ ಈ ಹಳಿಯ ಮೇಲಿನ ಪ್ರಯಾಣ ಬೇಸರ ತರಲಾರದು. ಮಂಡ್ಯ ದಾಟಿದ ಮೇಲೆ ಕಬ್ಬು, ಭತ್ತ, ತೆಂಗು, ನಾಲೆ; ಆಮೇಲೆ ಪಾಂಡವಪುರ; ಆಮೇಲೆ ಸೇತುವೆಯ ಗುಡುಗು, ಕೆಳಗೆ ಬಂಡೆಗಳ ನಡುವೆ ಹರಿಯುವ ಕಾವೇರಿಯ ಉತ್ತರದ ಕವಲು, ಎದುರಿಗೆ ಕೋಟೆಯ ಗೋಡೆ.

ಶ್ರೀರಂಗಪಟ್ಟಣವು ದ್ವೀಪ ಎಂಬುದನ್ನು ರಸ್ತೆಯ ಪ್ರಯಾಣಿಕರು ಮರೆತುಬಿಡುತ್ತಾರೆ. ರೈಲಿನಲ್ಲಿ ಬಂದವರು ಮರೆಯಲಾರರು. ನಿಲ್ದಾಣದ ಬಳಿಯಲ್ಲೇ ನನ್ನ ಸೋದರಳಿಯನಿಗೆ ನಾನು ತೋರಿಸಿದುದು ಟಿಪ್ಪುವಿನ ಕಾಲದ ಒಂದು ಮದ್ದಿನ ಮನೆಯನ್ನು. ಜೋಡಿಹಳಿ ಹಾಕುವುದಕ್ಕೆ ಅದು ಅಡ್ಡವಾದಾಗ, ಒಡೆಯದೆ, ಇಡೀ ಕಟ್ಟಡವನ್ನು ತಳದಿಂದ ಎತ್ತಿ ನೂರು ಮೀಟರಿಗೂ ಮಿಕ್ಕಿ ದೂರಕ್ಕೆ 2017ರಲ್ಲಿ ಸರಿಸಿ ಇಟ್ಟರು. ಎಂಜಿನಿಯರಿಂಗ್ ವಿದ್ಯಾರ್ಥಿ ಅದರ ಸುತ್ತ ಬಂದು, ಬುಡವನ್ನು ಬಗ್ಗಿ ನೋಡಿ, "ಇದನ್ನ ನಮಗೆ ಪಾಠದಲ್ಲಿ ಹೇಳ್ಬೇಕಿತ್ತು ಮಾವ" ಎಂದ. ಅಭಿವೃದ್ಧಿಯ ದಾರಿಯಲ್ಲಿ ಹಳೆಯದು ಬಿದ್ದಾಗ ಒಡೆಯುವುದೊಂದೇ ಉಪಾಯವಲ್ಲವೆಂಬುದಕ್ಕೆ ಈ ಸಣ್ಣ ಕಟ್ಟಡ ಸಾಕ್ಷಿಯಾಗಿ ನಿಂತಿದೆ. ಇಂಥ ತಾಳ್ಮೆಯನ್ನು ನಮ್ಮ ಬೆಂಗಳೂರಿನ ಕೆರೆಗಳ ಪಾಲಿಗೂ ಯಾರಾದರೂ ತೋರಿದ್ದರೆ ಎಂದು ನಾನು ಹಲುಬಿದೆ.

ರಂಗನಾಥನ ಗುಡಿಯಲ್ಲಿ ರಥಸಪ್ತಮಿಯ ಗದ್ದಲ ಮುಗಿದಿತ್ತು. ಗಂಗರ ಸಾಮಂತನಾದ ತಿರುಮಲಯ್ಯ ಕಟ್ಟಿಸಿದನೆಂದು ಹೇಳುವ, ಹೊಯ್ಸಳರೂ ವಿಜಯನಗರದವರೂ ಮುಂದೆ ಬೆಳೆಸಿದ ಈ ದೇಗುಲದ ಗರ್ಭಗೃಹದಲ್ಲಿ ಆದಿರಂಗನು ಶೇಷನ ಮೇಲೆ ಪವಡಿಸಿದ್ದಾನೆ. ಕಾವೇರಿಯ ಕೆಳಹರಿವಿನಲ್ಲಿ ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ, ಇಬ್ಬರೂ ಇವನಂತೆಯೇ ನದಿ ಬಳಸಿದ ನಡುಗಡ್ಡೆಗಳನ್ನೇ ಆರಿಸಿಕೊಂಡವರು. ಅಲ್ಲಿಂದ ನರಸಿಂಹನ ಗುಡಿಗೆ ಹೋದೆವು. ಬರುವ ಜನ ಕಡಿಮೆ. ಈ ಗುಡಿಯನ್ನು ಕಟ್ಟಿಸಿದವರು ರಣಧೀರ ಕಂಠೀರವ ನರಸರಾಜ ಒಡೆಯರು. ಅವರದೇ ಒಂದು ಶಿಲಾಪ್ರತಿಮೆ ಇಲ್ಲಿ ಕೈಮುಗಿದು ನಿಂತಿದೆ. 1638ರಿಂದ 1659ರವರೆಗೆ ಈ ದ್ವೀಪದಿಂದ ರಾಜ್ಯವಾಳಿದ ಇವರು, ಪಟ್ಟಕ್ಕೆ ಬಂದ ಹೊಸದರಲ್ಲೇ ಬಿಜಾಪುರದ ರಣದುಲ್ಲಾ ಖಾನನ ದೊಡ್ಡ ಸೇನೆಯನ್ನು ಇದೇ ಕೋಟೆಯಿಂದ ಹಿಮ್ಮೆಟ್ಟಿಸಿದರು. ಅವರು ಟಂಕಿಸಿದ ಕಂಠೀರಾಯಿ ಹಣ ಅವರ ಕಾಲದ ಬಹು ತರುವಾಯವೂ ಮೈಸೂರಿನ ಲೆಕ್ಕಪತ್ರಗಳಲ್ಲಿ ನಡೆಯಿತು. ಹಿಂದಿನ ರಾತ್ರಿ ಸಾವಿರಾರು ಕಂಠಗಳು ಕೂಗುತ್ತಿದ್ದ ಕ್ರೀಡಾಂಗಣದ ಹೆಸರನ್ನು ನೆನೆದು ಹುಡುಗ ಆ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಅವರು ಮಾಡಿದ ಇನ್ನೊಂದು ಕೆಲಸವನ್ನು ಮಧ್ಯಾಹ್ನ ತೋರಿಸುವುದಾಗಿ ನಾನು ಹೇಳಿದೆ.

ದರಿಯಾ ದೌಲತ್ತಿನಲ್ಲಿ ನಾವು ಬಹಳ ಹೊತ್ತು ಕಳೆದೆವು. 1784ರಲ್ಲಿ ಟಿಪ್ಪು ತನ್ನ ವಿಶ್ರಾಂತಿಗೆಂದು ತೇಗದ ಮರದಲ್ಲಿ ಕಟ್ಟಿಸಿದ ಈ ಬೇಸಗೆಯರಮನೆಯ ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಕರ್ನಲ್ ಬೈಲಿ, ಅವನನ್ನು ಚೌಕವಾಗಿ ಬಳಸಿ ನಿಂತ ಕೆಂಪಂಗಿಯ ಸಿಪಾಯಿಗಳು, ನಡುವೆ ಸಿಡಿದ ಮದ್ದಿನ ಬಂಡಿ, ದುರ್ಬೀನು ಹಿಡಿದ ಫ್ರೆಂಚ್ ಸೇನಾನಿ ಲಾಲಿ, ಸುತ್ತಲೂ ಅಲೆಯಲೆಯಾಗಿ ಮೈಸೂರಿನ ರಾವುತರು. ಸೋತವರ ಮುಖಗಳನ್ನೂ ಚಿತ್ರಕಾರ ಅವಸರದಿಂದ ಬರೆದಿಲ್ಲ ಎಂಬುದನ್ನು ಹತ್ತಿರದಿಂದ ನೋಡಿದವರು ಬಲ್ಲರು. ಈ ಚಿತ್ರ ಉಳಿದು ಬಂದ ಬಗೆಯೂ ವಿಚಿತ್ರ. 1799ರ ಮುತ್ತಿಗೆಗೆ ಮುನ್ನ ಇದು ಅಳಿಸಿಹೋಗಿತ್ತು. ಮೇ 4ರಂದು ಟಿಪ್ಪು ಮಡಿದು ಕೋಟೆ ಬಿದ್ದ ಮೇಲೆ ಇದೇ ಮನೆಯಲ್ಲಿ ವಾಸಿಸಿದ ಆರ್ಥರ್ ವೆಲ್ಲೆಸ್ಲಿ ತನ್ನವರ ಪರಾಭವದ ಚಿತ್ರವನ್ನು ಮತ್ತೆ ಬರೆಯಿಸಿದ. ಅದೂ ಮಾಸಿದ ಮೇಲೆ ಡಾಲ್‌ಹೌಸಿಯ ಕಾಲದಲ್ಲಿ ಇನ್ನೊಮ್ಮೆ ಬರೆಸಲಾಯಿತು. ವಿಹಾರಕ್ಕೆ ಕಟ್ಟಿದ ಮನೆ ಶತ್ರುವಿನ ಬಿಡಾರವಾಗಿ, ಶತ್ರುವಿನ ಬಿಡಾರ ಆ ಸೋಲಿನ ಸ್ಮಾರಕವನ್ನು ಕಾಪಾಡಿದ ಕರಂಡಕವಾಯಿತು. ಗುಂಬಜ್, ಸಂಗಮ, ನಿಮಿಷಾಂಬೆಯ ಗುಡಿಗಳನ್ನು ಈ ಸಲಕ್ಕೆ ಬಿಟ್ಟುಬಿಟ್ಟೆವು. ಊಟ ಮುಗಿಸಿ ಆಟೋ ಹಿಡಿದು, ಬಿಸಿಲು ಇಳಿಮುಖವಾಗುವ ಹೊತ್ತಿಗೆ ರಂಗನತಿಟ್ಟಿನ ಬಾಗಿಲಲ್ಲಿದ್ದೆವು.

ಆಗ ನಾನು ಹುಡುಗನಿಗೆ ಕೊಟ್ಟ ಮಾತನ್ನು ನಡೆಸಿದೆ. ರಂಗನತಿಟ್ಟಿನ ಈ ನಡುಗಡ್ಡೆಗಳು ರೂಪುಗೊಂಡುದು ಕಾವೇರಿಗೆ ಅಡ್ಡಲಾಗಿ 1645ರಿಂದ 1648ರ ನಡುವೆ ಕಟ್ಟಿದ ಒಂದು ಒಡ್ಡಿನಿಂದ. ಕಟ್ಟಿಸಿದವರು ಬೆಳಗ್ಗೆ ನಾವು ನೋಡಿದ ಆ ಕೈಮುಗಿದ ದೊರೆ. ಅವರ ಚಿತ್ತದಲ್ಲಿದ್ದುದು ನಾಲೆ, ಗದ್ದೆ, ರೈತನ ಬದುಕು. ಹಕ್ಕಿಗಳ ಯೋಚನೆ ಅವರಿಗೆ ಬಂದಿರಲಾರದು. ಒಡ್ಡು ನೀರನ್ನು ತಡೆಯಿತು, ನೀರು ಹರಡಿತು, ಬಂಡೆ ಮತ್ತು ದಿಬ್ಬಗಳು ನಡುನೀರಿನ ತಿಟ್ಟುಗಳಾಗಿ ಉಳಿದುವು, ಅವುಗಳ ಮೇಲೆ ಬಿದಿರೂ ತೊರೆಮತ್ತಿಯೂ ಬೆಳೆದವು. ಬೆಕ್ಕು ನರಿಗಳು ದಾಟಲಾರದ ಆ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟತೊಡಗಿದವು. ಹೀಗೆ ಸುಮಾರು ಮೂರು ಶತಮಾನ ಕಳೆದ ಮೇಲೆ, ಮೈಸೂರು ಸಂಸ್ಥಾನದ ಪಕ್ಷಿಸಂಪತ್ತಿನ ಸಮೀಕ್ಷೆಗೆ ಬಂದ ಸಲೀಂ ಅಲಿ ಅವರು ಇದನ್ನು ಕಂಡು ಬೆರಗಾಗಿ, ರಕ್ಷಿಸಬೇಕೆಂದು ಅರಮನೆಗೆ ಹೇಳಿದರು; 1940ರಲ್ಲಿ ಇದು ಪಕ್ಷಿಧಾಮವಾಯಿತು. ಒಂದು ಚದರ ಕಿಲೋಮೀಟರಿಗೂ ಕಡಮೆಯಾದ ಈ ಪುಟ್ಟ ಧಾಮವೂ ಸುತ್ತಲಿನ ನದೀಪ್ರದೇಶವೂ ಸೇರಿ 2022ರಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಯನ್ನು ಸೇರಿದುವು. ಕರ್ನಾಟಕಕ್ಕೆ ಆ ಗೌರವವನ್ನು ಮೊದಲು ತಂದ ಜೌಗುನೆಲ ಇದು. ದೊರೆ ಕಟ್ಟಿದ, ಹಕ್ಕಿ ಕಂಡುಕೊಂಡಿತು, ಪಂಡಿತ ಅರಿತು ಹೇಳಿದ, ಇನ್ನೊಬ್ಬ ದೊರೆ ಕಿವಿಗೊಟ್ಟ. ಈ ಸರಪಳಿಯ ಒಂದು ಕೊಂಡಿ ಕಳಚಿದ್ದರೂ ನಾವು ಅಲ್ಲಿ ದೋಣಿ ಏರುತ್ತಿರಲಿಲ್ಲ.

ದೋಣಿಗೆ ಯಂತ್ರವಿಲ್ಲ, ಹುಟ್ಟು ಹಾಕುವವನ ತೋಳುಗಳೇ ಅದರ ಯಂತ್ರ. ಅರಣ್ಯ ಇಲಾಖೆಯ ಆ ಅಂಬಿಗ ಮಧ್ಯವಯಸ್ಕ, ಮಿತಭಾಷಿ, ಆದರೆ ಹಕ್ಕಿಗಳ ವಿಷಯದಲ್ಲಿ ಅವನಿಗೆ ತಿಳಿಯದುದು ಕಡಮೆ. ಮೊದಲ ತಿಟ್ಟಿನ ಬಳಿಗೆ ಬರುವಷ್ಟರಲ್ಲಿ ಹುಟ್ಟನ್ನು ನೀರಿನಿಂದ ಎತ್ತಿ, "ಮಾತಾಡ್ಬೇಡಿ ಸಾ, ಅಗೋ ಬಂಡೆ ಮ್ಯಾಲೆ ಮಲಗದೆ ನೋಡಿ" ಎಂದು ಗದ್ದದಿಂದ ತೋರಿಸಿದ. ನಾಲ್ಕು ಮಾರಿನಾಚೆ, ಬಂಡೆಯದೇ ಬಣ್ಣದ ಒಂದು ಮೊಸಳೆ ಬಾಯ್ದೆರೆದು ಅಲುಗಾಡದೆ ಬಿದ್ದಿತ್ತು. ಬೆನ್ನ ಮೇಲಿನ ಕೆಸರು ಒಣಗಿ ಬಿರುಕುಬಿಟ್ಟಿತ್ತು. ಬಾಯೊಳಗಣ ಹಳದಿಮಿಶ್ರಿತ ನಸುಗೆಂಪು ಬಿಸಿಲಿಗೆ ಹೊಳೆಯುತ್ತಿತ್ತು. ಮೇಲ್ದವಡೆಯ ಹಲ್ಲುಗಳ ಮೇಲೆ ಒಂದು ನೊಣ ಅತ್ತಿಂದಿತ್ತ ನಡೆಯುತ್ತಿತ್ತು. ಅದು ಬಾಯ್ದೆರೆದುದು ಕೋಪದಿಂದಲ್ಲ, ಮೈಯ ಕಾವನ್ನು ಇಳಿಸಿಕೊಳ್ಳುವುದಕ್ಕೆ. ಅದೇ ಬಂಡೆಯ ಇನ್ನೊಂದು ಕೊನೆಯಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತ ನಿಂತಿದ್ದವು. ಎರಡು ಜೀವಗಳ ನಡುವೆ ಎಷ್ಟು ಅಂತರವಿರಬೇಕೆಂಬುದು ಎರಡಕ್ಕೂ ತಿಳಿದಂತಿತ್ತು.

ಮುಂದಿನ ತಿಟ್ಟಿನಲ್ಲಿ ಬಣ್ಣದ ಕೊಕ್ಕರೆಗಳು. ಮಾಘದ ಸುಮಾರಿಗೆ ಅವು ಜೋಡಿಯಾಗಿ ಗೂಡಿಗೆ ತೊಡಗುತ್ತವೆ; ಬೆನ್ನ ಹಿಂಭಾಗದ ಗುಲಾಬಿ ಗರಿಗಳು ಆಗ ಅತ್ಯಂತ ಉಜ್ಜ್ವಲವಾಗಿರುತ್ತವೆ. ಒಂದು ಗಂಡು ಕೊಕ್ಕಿನಲ್ಲಿ ತನ್ನ ಉದ್ದಕ್ಕಿಂತ ನೀಳವಾದ ಒಣಕಡ್ಡಿಯನ್ನು ಹಿಡಿದು ತಂದಿತು. ಗೂಡಿನ ಅಂಚಿನಲ್ಲಿ ಇಳಿಯುವಾಗ ಕಡ್ಡಿ ಕೊಂಬೆಗೆ ತಗುಲಿ ಜಾರಿ ನೀರಿಗೆ ಬಿದ್ದಿತು. ಹಕ್ಕಿ ಕೆಳಗೆ ನೋಡಿತು, ಕಾಲು ಬದಲಿಸಿತು, ಮತ್ತೆ ಹಾರಿಹೋಗಿ, ನಾವು ಆ ತಿಟ್ಟನ್ನು ಸುತ್ತಿ ಬರುವಷ್ಟರಲ್ಲಿ ಇನ್ನೊಂದು ಕಡ್ಡಿಯೊಡನೆ ಮರಳಿತು. ಈ ಸಲ ಹೆಣ್ಣು ಕತ್ತು ಚಾಚಿ ಅದನ್ನು ಇಸಕೊಂಡು, ಗೂಡಿನಲ್ಲಿ ಇಲ್ಲಿಟ್ಟು, ಮತ್ತೆ ತೆಗೆದು ಅಲ್ಲಿಟ್ಟು, ಕೊನೆಗೆ ತೃಪ್ತಿಯಾದಂತೆ ಅದರ ಮೇಲೆ ನಿಂತಿತು. ಇವುಗಳಿಗೆ ಬೆಳೆದ ಮೇಲೆ ಕೂಗಿಲ್ಲ. ಜೋಡಿಗಳು ಒಂದಕ್ಕೊಂದು ಹೇಳಬೇಕಾದುದನ್ನೆಲ್ಲ ಕೊಕ್ಕು ತಟ್ಟಿ ಹೇಳುತ್ತವೆ. ಆ ಕಟಕಟ ಸದ್ದು ಇಡೀ ತಿಟ್ಟಿನಿಂದ ಎದ್ದು ನೀರಿನ ಮೇಲೆ ಹರಡುತ್ತಿತ್ತು. ಪಕ್ಕದ ಮರದಲ್ಲಿ ಹೆಜ್ಜಾರ್ಲೆಗಳು ಭಾರವಾಗಿ ಕುಳಿತಿದ್ದವು. ಚಮಚದ ಕೊಕ್ಕಿನ ಹಕ್ಕಿಯೊಂದು ಮೊಣಕಾಲುದ್ದದ ನೀರಿನಲ್ಲಿ ಮೂತಿಯನ್ನು ಎಡಕ್ಕೂ ಬಲಕ್ಕೂ, ಹೆಂಗಸರು ಮೊರದಲ್ಲಿ ಕೇರುವ ಲಯದಲ್ಲಿ ಆಡಿಸುತ್ತ ನಡೆದಿತ್ತು. ಬಿದಿರಿನ ನೆರಳಿನಲ್ಲಿ ಇರುಳು ಬಕ ಕೆಂಗಣ್ಣು ತೆರೆದು ಮುದುಡಿ ಕೂತಿತ್ತು. ಎತ್ತರದ ಕೊಂಬೆಗಳಲ್ಲಿ ತೊಗಲು ಬಾವಲಿಗಳು ತಲೆಕೆಳಗಾಗಿ ತೂಗುತ್ತ ರೆಕ್ಕೆಯಿಂದ ಬೀಸಿಕೊಳ್ಳುತ್ತಿದ್ದವು. ಹುಡುಗ ತನ್ನ ಫೋನಿನಲ್ಲಿ ಚಿತ್ರ ತೆಗೆಯುವುದನ್ನು ಯಾವಾಗಲೋ ನಿಲ್ಲಿಸಿಬಿಟ್ಟಿದ್ದ.

ತಗ್ಗಾದ ಬೋಳು ಬಂಡೆಯೊಂದರ ಮೇಲೆ ನದಿಯ ರೀವಗಳು ಕುಳಿತಿದ್ದವು: ಹಳದಿ ಕೊಕ್ಕು, ಕರಿಯ ನೆತ್ತಿ, ಕವಲು ಬಾಲ. ಇವು ಗೂಡು ಕಟ್ಟುವುದಿಲ್ಲ. ಬೇಸಗೆಯ ಮೊದಲಲ್ಲಿ ನೀರು ಇಳಿದಾಗ ಬಂಡೆಯ ತಗ್ಗುಗಳಲ್ಲೇ ಮೊಟ್ಟೆಯಿಡುತ್ತವೆ. ಕನ್ನಂಬಾಡಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಏನಾಗುತ್ತದೆಂದು ನಾನು ಅಂಬಿಗನನ್ನು ಕೇಳಿದೆ.

"ಕೊಚ್ಕೊಂಡು ಹೋಯ್ತವೆ ಸಾ. ಒಂದೊಂದು ವರ್ಸ ಹಂಗಾಯ್ತದೆ. ಮತ್ತೆ ಇಕ್ತವೆ. ಆಸಾಡದಲ್ಲಿ ಬಂದು ನೋಡಿ, ಈ ತಿಟ್ಟೇ ಕಾಣಾಕಿಲ್ಲ. ಆಗ ನಾವೂ ದೋಣಿ ಕಟ್ಟಾಕ್ಬುಟ್ಟು ದಡದಲ್ಲಿ ಕುಂತಿರ್ತೀವಿ."

ನದಿಯ ಏರಿಳಿತವೆಲ್ಲ ಈಗ ಮೇಲಣ ಅಣೆಕಟ್ಟಿನ ಬಾಗಿಲುಗಳ ಅಧೀನ. ಮಳೆ ಜೋರಾದ ವರ್ಷಗಳಲ್ಲಿ ತಿಟ್ಟುಗಳ ಅಂಚು ಕುಸಿಯುತ್ತದೆ, ಗೂಡಿದ್ದ ಮರಗಳೇ ಉರುಳುತ್ತವೆ. ಇಲಾಖೆಯವರು ಮರಳಿನ ಚೀಲಗಳನ್ನು ಒಟ್ಟಿ ಆ ಅಂಚುಗಳನ್ನು ಬಲಪಡಿಸಿದ್ದನ್ನು ಅಂಬಿಗ ತೋರಿಸಿದ. ಚೀಲಗಳ ಸಂದಿಯಿಂದ ಹುಲ್ಲು ಮೊಳೆತಿತ್ತು. ಅಲ್ಲಿ ಹರಿಯುವ ನೀರು ಶ್ರೀರಂಗಪಟ್ಟಣವನ್ನು ಬಳಸಿ, ಶಿವನಸಮುದ್ರದ ಬಳಿಯ ಅಣೆಕಟ್ಟೆಯಲ್ಲಿ ತಿರುಗಿ, ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು, ಸುಮಾರು 100 ಕಿಲೋಮೀಟರು ದೂರ, 500 ಮೀಟರಿನಷ್ಟು ಎತ್ತರ ಏರಿ ಬೆಂಗಳೂರಿನ ಮನೆಗಳನ್ನು ಸೇರುತ್ತದೆ. 1974ರಲ್ಲಿ ಮೊದಲ ಹಂತ ಮುಗಿದಂದಿನಿಂದ ನಮ್ಮ ನಗರ ಬೆಳೆದುದೆಲ್ಲ ಈ ನೀರಿನ ಬಲದಿಂದ. ರೀವದ ಮೊಟ್ಟೆಯಿರುವ ಬಂಡೆಯನ್ನು ಒರಸಿಕೊಂಡು ಹೋದ ನೀರನ್ನೇ ನಾವು ವಿಜಯನಗರದಲ್ಲಿ ಕೊಡಗಳಿಗೆ ಹಿಡಿಯುತ್ತೇವೆ. ನೀರಿನ ಹಂಚಿಕೆಯ ಮಾತು ಬಂದಾಗಲೆಲ್ಲ ರೈತ, ನಗರ, ನೆರೆರಾಜ್ಯ ಎಂದು ಮೂವರ ಪಾಲನ್ನು ನಾವು ಲೆಕ್ಕಹಾಕುತ್ತೇವೆ. ಇನ್ನೂರಕ್ಕೂ ಮೀರಿದ ಜಾತಿಯ ಹಕ್ಕಿಗಳು, ಮೊಸಳೆ, ನೀರುನಾಯಿ, ಮೀನುಗಳಿರುವ ಈ ಹರಿವಿಗೂ ಒಂದು ಪಾಲಿದೆಯೆಂದು, ಬಾಗಿಲು ಎತ್ತುವ ಹೊತ್ತನ್ನು ಗೊತ್ತುಪಡಿಸುವವರು ನೆನೆದರೆ ಯಾರ ಗದ್ದೆಯೂ ಒಣಗಲಾರದು ಎಂದು ನಾನು ದೃಢವಾಗಿ ನಂಬುತ್ತೇನೆ.

ದಡಕ್ಕೆ ಬಂದು, ಅಂಬಿಗನಿಗೆ ನಮಸ್ಕಾರ ಹೇಳಿ, ನಿಲ್ದಾಣಕ್ಕೆ ಮರಳಿ ಸಂಜೆಯ ಗಾಡಿ ಹಿಡಿದೆವು. ದಾರಿಯಲ್ಲಿ ಹುಡುಗ ಕೇಳುತ್ತಲೇ ಇದ್ದ: ಹೆಜ್ಜಾರ್ಲೆಗಳು ನಡುಗಡ್ಡೆಗಳನ್ನು ಬಿಟ್ಟು ಬೇರೆಲ್ಲೂ ಗೂಡು ಕಟ್ಟುವುದಿಲ್ಲವೆ? ಮದ್ದೂರಿನ ವಡೆ ಮತ್ತೆ ಕೈಗೆ ಬರುವ ಹೊತ್ತಿಗೆ ನಾನು ಕೊಕ್ಕರೆ ಬೆಳ್ಳೂರಿನ ವಿಷಯವನ್ನು ಹೇಳತೊಡಗಿದ್ದೆ. ಮದ್ದೂರಿನಿಂದ ತುಸು ದೂರದ ಆ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ನಡುಬೀದಿಯ ಹುಣಿಸೆಮರಗಳ ಮೇಲೆ, ಮನೆಗಳ ಹೆಂಚಿನ ನೇರಕ್ಕೆ ಗೂಡಿಡುತ್ತವೆ. ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ, ಮರಿಗಳು ಹಾರುವವರೆಗೆ ಹುಣಿಸೆಹಣ್ಣಿಗೆ ಕೈಯಿಡುವುದಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರು ಅಲ್ಲಿಗೆ ಹೋಗಿ ಬರೆದ ಮೇಲೆ ಹೊರಗಿನ ಜಗತ್ತಿಗೆ ಆ ಊರು ತಿಳಿಯಿತು. ಒಡ್ಡೂ ಇಲ್ಲ, ತಿಟ್ಟೂ ಇಲ್ಲ. ಅಲ್ಲಿ ಹಕ್ಕಿಯನ್ನು ಕಾಯುವುದು ಊರಿನ ಒಪ್ಪಂದವೊಂದೇ.

"ಮರಿ ಹಾರೋ ಮುಂಚೆ ಹೋಗ್ಬೇಕಲ್ವಾ ಮಾವ?" ಎಂದು ಹುಡುಗ ಫೋನು ತೆಗೆದು ಪಂದ್ಯಗಳ ವೇಳಾಪಟ್ಟಿಯನ್ನು ಹುಡುಕಿದ. ಮುಂದಿನ ತಿಂಗಳು ನಮ್ಮ ತಂಡ ಪರಸ್ಥಳದಲ್ಲಿ ಆಡುವ ಒಂದು ಶನಿವಾರವಿತ್ತು. ಅಂದು ಬೆಳಗಿನ ಗಾಡಿಗೆ ಮದ್ದೂರಿನಲ್ಲಿ ಇಳಿಯುವುದೆಂದು ಬಿಡದಿ ಬರುವಷ್ಟರಲ್ಲಿ ನಿಶ್ಚಯವಾಯಿತು.